ನಾದಿನಿಯ ಕಡೆಯಿಂದ

ಯಾರಾದರೂ ಗಟ್ಟಿಯಾಗಿ ‘ಹೌದು’ ಅಂದರೆ ನನ್ನ ನಾಲಿಗೆ ತಾನಾಗಿ ‘ಆದರೆ’ ಅನ್ನುತ್ತದೆ. ಇದು ಗುಣವಲ್ಲ, ಚಟ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಅಂಟಿಕೊಂಡದ್ದು. ಪರವೋ ವಿರೋಧವೋ ಎಂಬುದನ್ನು ಅಲ್ಲಿ ಚೀಟಿ ಎತ್ತಿ ತೀರ್ಮಾನಿಸುತ್ತಿದ್ದರು. ಬೆಳಿಗ್ಗೆ ಗಣಿಗಾರಿಕೆ ಬೇಕೇ ಬೇಕೆಂದು ಮೇಜು ಗುದ್ದಿದವಳು ಮಧ್ಯಾಹ್ನ ಸಂಡೂರಿನ ಗುಡ್ಡಗಳಿಗಾಗಿ ಗಂಟಲು ಹರಿದುಕೊಂಡಿದ್ದೇನೆ. ಎರಡಕ್ಕೂ ಬಹುಮಾನ ಬಂತು. ಗುಡ್ಡಕ್ಕೇನೂ ಬರಲಿಲ್ಲ.

ಹಾಗಾಗಿ ಈಚೆಗೆ ಬರುತ್ತಿರುವ ಒಂದು ಬಗೆಯ ಕಾದಂಬರಿಗಳನ್ನು ಕಂಡರೆ ನನಗೆ ಗುಮಾನಿ. ಹಳೆಯ ಹೆಸರಾಂತ ಕಾದಂಬರಿಯೊಂದನ್ನು ಎತ್ತಿಕೊಳ್ಳುವುದು. ಅದರ ಮೂಲೆಯಲ್ಲಿದ್ದ ಸವತಿಯನ್ನೋ ನಾದಿನಿಯನ್ನೋ ಮುಂದೆ ಕೂರಿಸಿ, ಇಡೀ ಕಥೆಯನ್ನು ಅವಳ ಬಾಯಲ್ಲಿ ಹೇಳಿಸುವುದು. ಒಳ್ಳೆಯ ಉಪಾಯವೇ. ಆದರೆ, ನೋಡಿ ಬಂತು, ಮಾತು ಸಿಕ್ಕ ಕೂಡಲೇ ಅವಳು ಅಪರಂಜಿಯಾಗಿಬಿಡುತ್ತಾಳೆ. ಹೊಸಪೇಟೆಯ ನಮ್ಮ ಓದುಗರ ಬಳಗದಲ್ಲಿ ನಾನು ಮಾತಾಡಬೇಕಿದ್ದ ಪುಸ್ತಕವೂ ಅಂಥದ್ದೇ. ಹಳೆಯದರಲ್ಲಿ ನಾದಿನಿ ಅತ್ತಿಗೆಯ ಮುಖಕ್ಕೆ ಬಾಗಿಲು ಹಾಕುತ್ತಾಳೆ. ಹೊಸದರಲ್ಲಿ ಬಾಗಿಲನ್ನು ಗಾಳಿ ಹಾಕುತ್ತದೆ. ಗಾಳಿಯ ಮೇಲೆ ತಪ್ಪು ಹೊರಿಸಲು ಮುನ್ನೂರು ಪುಟ!

ಹಂಪಿ ಬಜಾರಿನ ಗೈಡುಗಳೂ ಹೀಗೇ. ಅದೇ ಕಲ್ಲಿನ ಸಾಲುಮಂಟಪ. ಒಬ್ಬ ಮಾರುವವನ ಕಡೆಯಿಂದ ಕಥೆ ಹೇಳುತ್ತಾನೆ, ಇನ್ನೊಬ್ಬ ಕೊಳ್ಳಲು ಬಂದ ರಾಣಿಯ ಕಡೆಯಿಂದ. ಮೋಸ ಮಾಡಿದವರು ಯಾರೆಂಬುದು ನೀವು ಹಿಡಿದ ಗೈಡಿನ ಮೇಲೆ ನಿಂತಿದೆ.

ನನ್ನ ವಾದಕ್ಕೆ ಮನೆಯಲ್ಲೇ ಸಾಕ್ಷಿಯಿತ್ತು. ಅವ್ವ ಮದುವೆಯಾಗಿ ಕಂಪ್ಲಿಯ ನಮ್ಮ ಅಕ್ಕಿ ಗಿರಣಿಯ ಮನೆಗೆ ಬಂದ ವರ್ಷ, ಟೀಚರ್ ಕೆಲಸದ ಸಂದರ್ಶನಕ್ಕೆ ಬರಬೇಕೆಂದು ಸಂಡೂರಿನಿಂದ ಪತ್ರ ಬಂತು. ಅಪ್ಪನ ತಂಗಿ, ಅಂದರೆ ನನ್ನ ಅತ್ತೆ, ಅದನ್ನು ಅಕ್ಕಿ ಡಬ್ಬಿಯ ತಳಕ್ಕೆ ಸೇರಿಸಿದಳು. ಗಿರಣಿಯವರ ಮನೆಯಲ್ಲಿ ಡಬ್ಬಿ ಬರಿದಾಗಬಾರದೆಂಬ ಪದ್ಧತಿ. ಅರ್ಧ ಇಳಿಯುವುದರೊಳಗೆ ಮತ್ತೆ ಸುರಿಯುತ್ತಾರೆ. ತಳ ಯಾರಿಗೂ ಕಾಣದು. ದೀಪಾವಳಿಗೆ ತೊಳೆಯಲು ಡಬ್ಬಿ ಬೋರಲು ಹಾಕಿದಾಗ ಪತ್ರ ಬಿತ್ತು, ಸಂದರ್ಶನ ಮುಗಿದುಹೋಗಿತ್ತು. ಮುಂದೆ ಬೇರೆ ಕೆಲಸ ಹಿಡಿದ ಅವ್ವ ಇದನ್ನು ನಗುತ್ತ ಹೇಳುತ್ತಾಳೆ. ನಾನು ವೇದಿಕೆಗಳಲ್ಲಿ ಕೈ ಬೀಸಿ ಹೇಳಿ ಕಪ್ಪು ಗೆದ್ದಿದ್ದೇನೆ.

ಭಾಷಣದ ಹಿಂದಿನ ದಿನ ಅತ್ತೆ ಕಂಪ್ಲಿಯಿಂದ ಬಂದಳು.

“ಏನವ್ವಾ ವಕೀಲಿ, ನಾಳೆ ನನ್ನ ಅಕ್ಕಿ ಡಬ್ಬಿ ತೆರೀತೀಯೇನು?”

“ತೆರೀಬೇಕಾಗ್ತದ ಅತ್ತಿ. ನನ್ನ ಪಾಯಿಂಟೇ ಅದು.”

“ನಮ್ ಸೊಸಿನೂ ಬರ್ತಾಳ. ಅಕಿಗೆ ಗೊತ್ತಿಲ್ಲ.”

ನಾನು ಪೆನ್ನು ಕೆಳಗಿಟ್ಟೆ. ಈ ಸೊಸೆಯನ್ನು ಹಟ ಹಿಡಿದು ಬಿ.ಎಡ್. ಓದಿಸಿ ಟೀಚರ್ ಮಾಡಿದವಳು ಇದೇ ಅತ್ತೆ. ‘ನಮ್ಮತ್ತಿಯಂಥವರು ಊರಾಗ ಇಲ್ಲ’ ಎಂದು ಆಕೆ ಹೋದಲ್ಲೆಲ್ಲ ಹೇಳಿಕೊಂಡು ಬರುತ್ತಾಳೆ. ಆ ಮಾತು ಉಳಿಯುವುದೂ ಹೋಗುವುದೂ ಈಗ ನನ್ನ ಕೈಯಲ್ಲಿತ್ತು.

“ತಾತ ಬಚ್ಚಿಡು ಅಂದಿರಬೇಕು, ಅಲ್ಲ? ಹಂಗಂತ ಹೇಳ್ತೀನಿ ತಗೋ.”

“ಸತ್ತವ್ರ ಮ್ಯಾಲ ಹಾಕಬ್ಯಾಡ,” ಅಂದಳು. “ಯಾರೂ ಹೇಳಿಲ್ಲ, ನಾನಾ ಇಟ್ಟೆ. ನನ್ನ ಏಳನೇ ಕ್ಲಾಸಿಗೇ ಸಾಲಿ ಬಿಡಿಸಿದ್ರು. ನನ್ನ ವಯಸ್ಸಿನಾಕಿ ವ್ಯಾನಿಟಿ ಬ್ಯಾಗ್ ಹಾಕ್ಕೊಂಡು ಸಂಡೂರಿಗೆ ಹೋಗ್ತಾಳ ಅಂದ್ರ ಹೊಟ್ಟಿ ಭಾಳ ಉರೀತು. ಎರಡು ಸಲ ಮೊಳಕೈ ಮಟ ಅಕ್ಕಿಯಾಗ ಕೈ ಹಾಕಿ ಹೊರಗ ತಗದೆ. ಎರಡು ಸಲಾನೂ ತಿರುಗಿ ತುರುಕಿದೆ. ಹೇಳೋದಾದ್ರ ಪೂರಾ ಹೇಳು. ಇಲ್ಲಾಂದ್ರ ಬಾಯಿ ಮುಚ್ಚು.”

ಗಾಳಿಯನ್ನು ಅಷ್ಟು ಗೇಲಿ ಮಾಡಿದವಳು ನಾನೇ ತಾತನನ್ನು ಗಾಳಿಯಾಗಿಸಲು ಹೊರಟಿದ್ದೆ. ಅದಕ್ಕಿಂತ ನಾಚಿಕೆಯ ಸಂಗತಿ, ಆ ‘ಎರಡು ಸಲ’ ಇಷ್ಟು ವರ್ಷ ನನ್ನ ಯಾವ ಭಾಷಣದಲ್ಲೂ ಇರಲಿಲ್ಲ. ಅತ್ತೆಯನ್ನು ಕೇಳಿದ್ದರೆ ತಾನೇ?

ಮರುದಿನ ಪೂರಾ ಹೇಳಿದೆ. ಯಾವಾಗಲೂ ನಗು ಬರುವ ಜಾಗದಲ್ಲಿ ಯಾರೂ ನಗಲಿಲ್ಲ. ಮೂರನೇ ಸಾಲಿನಲ್ಲಿ ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. ಪಕ್ಕದಲ್ಲಿದ್ದ ಸೊಸೆ ತಲೆ ಎತ್ತಲಿಲ್ಲ. ಆ ಪುಸ್ತಕದ ಬಗ್ಗೆ ನನ್ನ ಗುಮಾನಿಯೇನೂ ಹೋಗಿಲ್ಲ. ತಪ್ಪು ಮಾಡಿದವಳಿಗೆ ಮಾತು ಕೊಟ್ಟ ಮೇಲೆ ತಪ್ಪನ್ನೂ ಅವಳ ಬಳಿಯೇ ಬಿಡಬೇಕು ಎನ್ನುವುದು ಈಗಿನ ನನ್ನ ವಾದ. ಅದನ್ನು ಅಂದು ಸಭೆಯಲ್ಲಿ ಹೇಳಿದಾಗ ಚಪ್ಪಾಳೆಯೂ ಬಿತ್ತು. ನನಗೆ ಮಾತ್ರ ಸೊಸೆಯ ಬಗ್ಗಿದ ತಲೆಯದೇ ಚಿಂತೆ.

ಸಭೆ ಮುಗಿದ ಮೇಲೆ ಇಬ್ಬರನ್ನೂ ಬಿಡಲು ಬಸ್ ಸ್ಟ್ಯಾಂಡಿಗೆ ಹೋದೆ. ಕಂಪ್ಲಿ ಬಸ್ಸಿಗೆ ಮೊದಲು ನುಗ್ಗಿದ ಸೊಸೆ ಪಕ್ಕದ ಸೀಟಿಗೆ ಕರ್ಚೀಫು ಹಾಕಿ ಹಿಡಿದುಕೊಂಡಳು.

“ಬರ್ರಿ ಅತ್ತಿ, ಕುಂದ್ರಿ,” ಅಂದಳು. “ಎರಡನೇ ಸಲ ತಗದಾಗ ಮತ್ತ ಯಾಕ ಒಳಗಿಟ್ರಿ?”

ಕಿಟಕಿಯ ಹೊರಗೆ ನಾನು ಕಿವಿ ನಿಮಿರಿಸಿ ನಿಂತೆ. ಅತ್ತೆ ಕೂತು, ಸೆರಗು ಸರಿಮಾಡಿಕೊಂಡು, ನನ್ನನ್ನು ನೋಡಿದಳು.

“ನೀ ನಡಿ ಇನ್ನ,” ಅಂದು ಸೊಸೆಯ ಕಡೆ ತಿರುಗಿದಳು.

ಬಸ್ಸು ಹೊರಟಿತು. ಒಬ್ಬರ ಕಡೆಯ ಕಥೆ ಬೇಕೆಂದರೆ ಅವರ ಪಕ್ಕ ಸೀಟು ಹಿಡಿಯಬೇಕು; ನಿಂತು ಭಾಷಣ ಮಾಡಿದವರಿಗೆ ಹೊಗೆಯಷ್ಟೇ ಸಿಗುತ್ತದೆ.