ಲಾಲಮ್ಮನ ನೀಲಿ ಸಾಲುಗಳು

ಕಾಂತೇಶನಿಗೆ ಮಾತು ಕಡಿಮೆ. ಕಡಿಮೆ ಅಂದರೆ, ಎದುರಿಗಿದ್ದವರಿಗೆ ಸಿಟ್ಟು ಬರುವಷ್ಟು ಕಡಿಮೆ. ಶಹಾಪುರದ ನಮ್ಮ ಖಾಸಗಿ ಕಾಲೇಜಿನ ಆಫೀಸಿನಲ್ಲಿ ಅವನು ಕಂಪ್ಯೂಟರ್ ಆಪರೇಟರ್. ಪಕ್ಕದ ಗ್ರಂಥಾಲಯದಲ್ಲಿ ನಾನು. ದಿನಾ ಗೋಗಿಯಿಂದ ಟಂಟಂ ಆಟೋ ಹಿಡಿದು ಬರುತ್ತಾನೆ. ಪ್ರಿಂಟರ್ ಮುನಿಸಿಕೊಂಡರೂ ಅವನೇ ಬೇಕು, ಹುಡುಗಿಯರ ಸ್ಕಾಲರ್‌ಶಿಪ್ ಅರ್ಜಿ ಕೈಕೊಟ್ಟರೂ ಅವನೇ ಬೇಕು. 'ಏನಾಗಬೇಕು' ಅಂತ ಕೇಳುತ್ತಾನೆ, ಮಾಡಿಕೊಡುತ್ತಾನೆ, ಹೋಗಿ ಕೂಡುತ್ತಾನೆ. 'ಯಾಕೆ ಬೇಕು' ಅಂತ ಒಬ್ಬರನ್ನೂ ಕೇಳಿದವನಲ್ಲ. ಈ ಗುಣವನ್ನು ಎಲ್ಲರೂ ಹೊಗಳುತ್ತಾರೆ. ನಾನು ಹೊಗಳುವುದಿಲ್ಲ.

ಅವನ ತಾಯಿ ಲಾಲಮ್ಮ ಹತ್ತಿ ಬಿಡಿಸುವ ಕೂಲಿಗೆ ಹೋಗುತ್ತಿದ್ದಳು. ಅಕ್ಷರ ಬರುತ್ತಿರಲಿಲ್ಲ. ಆದರೆ ಭಾನುವಾರ ಗೋಗಿಯ ಬುದ್ಧವಿಹಾರದಲ್ಲಿ ವಂದನೆ ಮುಗಿದ ಮೇಲೆ ನಾಲ್ವರು ಹೆಂಗಸರು ಮನೆಗೆ ಹೋಗದೆ ಅಲ್ಲೇ ಉಳಿಯುತ್ತಿದ್ದರು: ಲಾಲಮ್ಮ, ದುರಗಮ್ಮ, ಮರಿಲಿಂಗಮ್ಮ ಮತ್ತು ನಿವೃತ್ತ ಶಿಕ್ಷಕಿ ಸಾವಿತ್ರಿಬಾಯಿ. ಕಾಂತೇಶ ತಾಯಿಗೆ ಕೊಟ್ಟಿದ್ದ ಹಳೆಯ ಟ್ಯಾಬಿನಲ್ಲಿ ಕನ್ನಡ ಪುಸ್ತಕಗಳ ಒಂದು ಆ್ಯಪ್ ಇತ್ತು. ಸಾವಿತ್ರಿಬಾಯಿ ಗಟ್ಟಿಯಾಗಿ ಓದುವುದು, ಉಳಿದವರು ಕೇಳುವುದು. ಯಾರಿಗಾದರೂ ಒಂದು ಸಾಲು ನಾಟಿದರೆ, "ತಡೀರಿ ಅಕ್ಕೋರ, ಅದು ನಂದು" ಅನ್ನುವುದು. ಸಾವಿತ್ರಿಬಾಯಿ ಆ ಸಾಲಿನ ಮೇಲೆ ಬೆರಳಾಡಿಸಿ ಬಣ್ಣ ಹಚ್ಚುವುದು. ಸಾಲು ಅವಳದಾಯಿತು.

ಆ್ಯಪಿನಲ್ಲಿ ಇದ್ದದ್ದು ನಾಲ್ಕೇ ಬಣ್ಣ, ಒಬ್ಬೊಬ್ಬರಿಗೆ ಒಂದೊಂದು. ಆಮೇಲೆ ಬಂದ ಹೆಂಗಸೊಬ್ಬಳಿಗೆ 'ನಿನಗೆ ಬಣ್ಣ ಇಲ್ಲವ್ವಾ, ಹಾಗೇ ಕೂತು ಕೇಳು' ಅಂದಿದ್ದರಂತೆ. ನಾಲ್ಕರಲ್ಲೂ ಎಲ್ಲರಿಗೂ ಬೇಕಾಗಿದ್ದದ್ದು ನೀಲಿ. ವಿಹಾರದ ಮೇಲಿನ ಬಾವುಟ ನೀಲಿ, ಗೋಡೆ ನೀಲಿ, ಇನ್ನು ಹಸಿರು ಗುಲಾಬಿ ಯಾರಿಗೆ ಬೇಕು? ಕೊನೆಗೆ ಟ್ಯಾಬು ಲಾಲಮ್ಮನ ಮನೆಯದು, ಹಾಗಾಗಿ ನೀಲಿ ಅವಳಿಗೆ ಅಂತ ಸಾವಿತ್ರಿಬಾಯಿ ತೀರ್ಪು ಕೊಟ್ಟಳು. ದುರಗಮ್ಮ ಹಸಿರಿಗೆ ಒಪ್ಪಿಕೊಂಡಳು. ಗುಲಾಬಿ ಸಿಕ್ಕ ಮರಿಲಿಂಗಮ್ಮ ಮಾತ್ರ ಮುಖ ಊದಿಸಿಕೊಂಡದ್ದು ಪೂರ್ತಿ ಇಳಿಯಲೇ ಇಲ್ಲ.

ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ. ಕಾಂತೇಶನಿಗೂ ಆಮೇಲೆಯೇ ಗೊತ್ತಾದದ್ದು, ಸಂಕಟ ಇರುವುದೇ ಅಲ್ಲಿ. ಭಾನುವಾರ ಅವನು ಮನೆಯಲ್ಲಿ ಮಲಗಿರುತ್ತಿದ್ದ. ತಾಯಿ ವಿಹಾರದಿಂದ ಬಂದು, "ಇವತ್ತ ಒಂದು ಛಲೋ ಮಾತು ಸಿಕ್ತು ನೋಡಪಾ" ಅಂದರೆ, "ಹೂಂ" ಅನ್ನುತ್ತಿದ್ದ.

ಹೋದ ವರ್ಷ ಹತ್ತಿ ಹೊಲದಲ್ಲೇ ಲಾಲಮ್ಮನಿಗೆ ಎದೆನೋವು ಬಂತು. ಆಸ್ಪತ್ರೆ ಮುಟ್ಟುವುದರೊಳಗೆ ಹೋಗಿಬಿಟ್ಟಳು. ಕಾಂತೇಶ ಕೆಲಸಕ್ಕೆ ವಾಪಸು ಬಂದ ದಿನ ನಾನು ಏನೋ ಸಮಾಧಾನ ಹೇಳಲು ಹೋದೆ. ಅವನು "ಹೌದ್ರಿ ಮೇಡಂ" ಅಂದು ಮಾರ್ಕ್ಸ್‌ಕಾರ್ಡ್ ಟೈಪು ಮಾಡತೊಡಗಿದ.

ವರ್ಷ ತುಂಬುತ್ತ ಬಂದಾಗ ಸಾವಿತ್ರಿಬಾಯಿ ಅವನನ್ನು ಕರೆದು ಹೇಳಿದಳು: "ವರ್ಷದ ದಿನ ಊಟ ಗೀಟ ಅಂತ ಭಾಳ ಹಚ್ಕೋಬ್ಯಾಡ. ನಿಮ್ಮವ್ವ ಹಿಡಿದಿಟ್ಟ ಸಾಲು ಅದಾವಲ್ಲ, ಅವನ್ನ ವಿಹಾರದಾಗ ಓದಾಮು. ಅಕಿಗಿ ಅದೇ ಸೇರ್ತದ." ಅವನು ಆಗಲಿ ಅಂದ. ಮರುವಾರವೇ ಆ್ಯಪಿನವರ ಸಂದೇಶ ಬಂತು. ಕಂಪನಿ ಮುಚ್ಚುತ್ತಿದೆ, ತಿಂಗಳ ಕೊನೆಗೆ ಪುಸ್ತಕಗಳೂ ಹೋಗುತ್ತವೆ, ಗುರುತು ಹಾಕಿಟ್ಟ ಸಾಲುಗಳೂ ಹೋಗುತ್ತವೆ.

ಅವತ್ತಿನಿಂದ ಅವನು ಊಟದ ಹೊತ್ತಿನಲ್ಲಿ ಬುತ್ತಿ ಬಿಚ್ಚದೆ ಕಂಪ್ಯೂಟರಿನ ಮುಂದೆ ಕೂತ. ಏನು ಮಾಡುತ್ತಿದ್ದೀ ಅಂತ ನಾನು ಗಂಟುಬಿದ್ದ ಮೇಲೆ ಬಾಯಿ ಬಿಟ್ಟ. ಆ್ಯಪಿನಲ್ಲಿ ಒಂದೊಂದೇ ಸಾಲನ್ನು ನಕಲು ಮಾಡುತ್ತ ಹೋದರೆ ತಿಂಗಳು ಸಾಲದು. ಆದರೆ ಎಪಿಐ ಅಂತ ಒಂದಿದೆ. ಅದರ ಮೂಲಕ ಒಂದು ಪ್ರೋಗ್ರಾಮು ಇನ್ನೊಂದನ್ನು ಕೇಳಿ ಎಲ್ಲವನ್ನೂ ಒಟ್ಟಿಗೆ ತರಿಸಿಕೊಳ್ಳಬಹುದು. ಹಾಗೆ ಕೇಳುವ ಪ್ರೋಗ್ರಾಮನ್ನು ಅವನು ಬರೆಯುತ್ತಿದ್ದ.

"ಅಂದ್ರ ತಹಶೀಲ್ ಆಫೀಸಿನ ಕಿಟಕಿ ಇದ್ದಂಗ?" ಅಂದೆ.

"ಬರೋಬ್ಬರಿ ಅದರಂಗೇ ಮೇಡಂ. ಪಹಣಿ ಕೇಳಿದ್ರ ಪಹಣಿ ಕೊಡ್ತಾರ. ಕೇಳದೇ ಇದ್ದದ್ದು ಕೊಡಂಗಿಲ್ಲ."

ಕಿಟಕಿ ಸುಲಭಕ್ಕೆ ತೆರೆಯಲಿಲ್ಲ. ಮೊದಲು ಗುರುತಿನ ಕೀಲಿ ಸರಿಯಿಲ್ಲ ಅಂತ ಓಡಿಸಿತು. ಆಮೇಲೆ ಸಾಲುಗಳು ಬಂದವು, ಕನ್ನಡದ ಜಾಗದಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆಗಳು. ಅದನ್ನು ಸರಿಮಾಡಿದರೆ ಮೊದಲ ಪುಟದ ಸಾಲುಗಳನ್ನಷ್ಟೇ ಕೊಟ್ಟು ಸುಮ್ಮನಾಯಿತು; ಮುಂದಿನ ಪುಟ ಕೊಡು ಅಂತ ಪ್ರತಿ ಸಲ ಬೇರೆಯಾಗಿ ಕೇಳಬೇಕಂತೆ. ಬೇಗ ಬೇಗ ಕೇಳಿದರೆ ಸ್ವಲ್ಪ ತಡೆದು ಬಾ ಅನ್ನುತ್ತಿತ್ತು. ನಡುವೆ ಕರೆಂಟು ಹೋಗುವುದು, ಪ್ರಾಂಶುಪಾಲರು ಅಡ್ಮಿಶನ್ ಪಟ್ಟಿ ಅಂತ ಕೂಗುವುದು. ನಾನಾಗಿದ್ದರೆ ಕೀಬೋರ್ಡನ್ನು ಗೋಡೆಗೆ ಬಡಿಯುತ್ತಿದ್ದೆ. ಅವನು ಬಿಡಲಿಲ್ಲ. ತಿಂಗಳ ಕೊನೆಗೆ ಇನ್ನೂ ಕೆಲವು ದಿನ ಇರುವಾಗಲೇ ಎಲ್ಲ ಸಾಲುಗಳೂ ಬಂದಿಳಿದವು. ಪುಸ್ತಕದ ಹೆಸರು, ತಾರೀಖು, ಸಾಲು, ಎಲ್ಲ ಚೊಕ್ಕಟ. ಅವತ್ತು ನನ್ನ ಬುತ್ತಿಯಿಂದ ರೊಟ್ಟಿ ಕಿತ್ತುಕೊಂಡು ತಿಂದ. ಅವನು ನಕ್ಕಿದ್ದನ್ನು ನಾನು ಆ ವರ್ಷದಲ್ಲಿ ಅದೊಂದೇ ಸಲ ನೋಡಿದ್ದು.

ತಿಂಗಳು ಮುಗಿಯಿತು, ಆ್ಯಪು ಮುಚ್ಚಿತು. ಅವನು ಸಾಲುಗಳನ್ನೆಲ್ಲ ಪ್ರಿಂಟು ತೆಗೆದು ಸಾವಿತ್ರಿಬಾಯಿಗೆ ಒಯ್ದುಕೊಟ್ಟ. ಆಕೆ ಕನ್ನಡಕ ಏರಿಸಿಕೊಂಡು ಹಾಳೆ ತಿರುವಿದಳು, ಮತ್ತೆ ತಿರುವಿದಳು.

"ನೀಲಿ ಎಲ್ಲಿ ಅದಾವಪಾ ಇದ್ರಾಗ?"

"ಯಾವ ನೀಲಿರಿ?"

ಆಗ ಆಕೆ ಬಣ್ಣದ ಕತೆ ಹೇಳಿದಳು. ಮಗನಿಗೆ ಗೊತ್ತಿರುತ್ತದೆ ಅಂತ ಆಕೆ ತಿಳಿದಿದ್ದಳು. ಬಣ್ಣ ಬರೀ ಅಂದಕ್ಕೆ ಹಚ್ಚಿದ್ದು ಅಂತ ಅವನು ತಿಳಿದಿದ್ದ.

ಮರುದಿನ ಆಫೀಸಿಗೆ ಬಂದವನ ಮುಖ ನೋಡಲಾಗುತ್ತಿರಲಿಲ್ಲ. "ಕೇಳಿದ್ರ ಬಣ್ಣಾನೂ ಕೊಡ್ತಿತ್ರಿ ಮೇಡಂ. ಒಂದು ಶಬ್ದ ಹೆಚ್ಚಿಗಿ ಬರದಿದ್ರ ಸಾಕಿತ್ತು. ನಾ ಕೇಳಲಿಲ್ಲ." ಕಂಪನಿಗೆ ಮೇಲ್ ಹಾಕಿದ, ಮತ್ತೆ ಹಾಕಿದ, ಉತ್ತರ ಬರಲಿಲ್ಲ. ಟ್ಯಾಬಿನಲ್ಲಿ ಆ್ಯಪು ತೆರೆದರೆ ಓದುಗರಿಗೆ ಧನ್ಯವಾದ ಅಂತ ಒಂದು ಪುಟ ಮಾತ್ರ ಬರುತ್ತಿತ್ತು.

ವರ್ಷದ ದಿನ ನಾನೂ ಗೋಗಿಗೆ ಹೋದೆ. ವಂದನೆ ಮುಗಿಯಿತು. ದುರಗಮ್ಮ ಒಂದು ದಾರಿ ಹೇಳಿದಳು: "ಎಲ್ಲಾ ಓದ್ರಿ ಅಕ್ಕೋರ. ನಮ್ಮವು ನಾವು ತಗೋತೀವಿ. ಉಳದದ್ದು ಲಾಲಮ್ಮಂದು." ಒಳ್ಳೆಯ ಉಪಾಯ ಅಂತ ನನಗೂ ಅನ್ನಿಸಿತು. ಸಾವಿತ್ರಿಬಾಯಿ ಓದತೊಡಗಿದಳು.

"ಅದು ನಂದು," ಅಂದಳು ದುರಗಮ್ಮ.

"ಇದು ನಂದು," ಅಂದಳು ಮರಿಲಿಂಗಮ್ಮ.

ಹಾಳೆ ಮೇಲೆ ಹಾಳೆ ಮಗುಚಿದವು. ಉಳಿಯುವುದಂತೂ ಕಾಣಲಿಲ್ಲ. ದುರಗಮ್ಮನದಲ್ಲದ್ದು ಮರಿಲಿಂಗಮ್ಮನದು, ಇಬ್ಬರದೂ ಅಲ್ಲದ್ದು ಸಾವಿತ್ರಿಬಾಯಿಯದೇ ಇರಬೇಕು. ಸುಳ್ಳು ಹೇಳುತ್ತಿದ್ದರು ಅಂತಲ್ಲ. ವರ್ಷಗಟ್ಟಲೆ ಭುಜಕ್ಕೆ ಭುಜ ತಾಗಿಸಿ ಕೂತು ಕೇಳಿದ್ದು, ಎಲ್ಲ ಮಾತೂ ಎಲ್ಲರಿಗೂ ತಮ್ಮದೇ ಅನ್ನಿಸುತ್ತಿತ್ತು. ಆದರೂ ನನಗೆ ಮೈಯೆಲ್ಲ ಉರಿಯಿತು. ಸತ್ತವಳಿಗೆ ಒಂದು ಸಾಲೂ ಬಿಡುವುದಿಲ್ಲವೇ ಇವರು ಅಂತ ಎದ್ದು ಕೇಳಬೇಕೆನ್ನಿಸಿತು. ಕಾಂತೇಶ ಬಾಗಿಲ ಹತ್ತಿರ ತಲೆ ತಗ್ಗಿಸಿ ಕೂತಿದ್ದ.

ಸಾವಿತ್ರಿಬಾಯಿ ಮುಂದಿನ ಸಾಲು ಓದಿದಳು: "ದೀಪ ಹಚ್ಚಿಟ್ಟಿದ್ದೇನೆ, ಸಾವಕಾಶವಾಗಿ ಬಾ."

"ಅದೂ ನಂದೇ," ಅಂದಳು ಮರಿಲಿಂಗಮ್ಮ.

"ಅಲ್ಲ ಚಿಗವ್ವಾ." ಕಾಂತೇಶ ಎದ್ದು ನಿಂತಿದ್ದ. "ಅದು ಅವ್ವಂದು."

"ನಿನಗ ಹ್ಯಾಂಗ ಗೊತ್ತು? ನೀ ಒಂದಿನಾನೂ ಬಂದಾಂವಲ್ಲ."

"ಆಫೀಸಿನಾಗ ತಡ ಆದ್ರ ಫೋನ್ ಮಾಡಿ ಇದನ್ನೇ ಹೇಳ್ತಿದ್ಲು. ದೀಪ ಹಚ್ಚಿಟ್ಟೀನಿ, ಸಾವಕಾಶ ಬಾ ಅಂತ." ಅವನು ಸಾವಿತ್ರಿಬಾಯಿಯ ಕೈಯಲ್ಲಿದ್ದ ಹಾಳೆಯ ಕಡೆ ನೋಡಿದ. "ಮನ್ಯಾಗ ಕರೆಂಟ್ ಅದ, ಎಲ್ಲಿ ದೀಪ ಹಚ್ಚೀದಿ, ಸುಮ್ನ ಫೋನ್ ಇಡು ಅಂತ ಬೈತಿದ್ದೆ. ಪುಸ್ತಕದ್ದು ಅಂತ ನನಗ ಗೊತ್ತಿದ್ದಿಲ್ಲ."

ಮರಿಲಿಂಗಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. ಆಮೇಲೆ ಎದ್ದು ಬಾಗಿಲ ತನಕ ಹೋಗಿ ಕಾಂತೇಶನ ಕಿಸೆಯಲ್ಲಿದ್ದ ನೀಲಿ ಪೆನ್ನು ತೆಗೆದು ತಂದು ಸಾವಿತ್ರಿಬಾಯಿಯ ಕೈಗಿಟ್ಟಳು. "ಇದಕ್ಕ ನೀಲಿ ಹಚ್ರಿ ಅಕ್ಕೋರ. ಅಕೀದೇ."

ಆಮೇಲೆ ಎಷ್ಟು ಓದಿದರೂ ಮತ್ತೊಂದು ಸಾಲನ್ನು ಅವನು ಗುರುತಿಸಲಿಲ್ಲ. ಸಂಜೆ ನನ್ನನ್ನು ಟಂಟಂ ಹತ್ತಿಸಲು ರಸ್ತೆಯ ತನಕ ಬಂದ. ಗಾಡಿ ತುಂಬುವವರೆಗೆ ಪಕ್ಕದಲ್ಲೇ ನಿಂತಿದ್ದ.

"ಅಕಿ ಫೋನಿನಾಗ ಮತ್ತೇನೇನು ಹೇಳ್ತಿದ್ಲು ಅಂತ ನೆನಸಾಕತ್ತೀನ್ರಿ ಮೇಡಂ," ಅಂದ. "ನೆನಪಾಗವಲ್ದು. ಅರ್ಧಕ್ಕೇ ಇಟ್ಟುಬಿಡ್ತಿದ್ದೆ."