ಗೆರೆಯಿಲ್ಲದ ಹೆಬ್ಬೆರಳು

ಯಾರಾದರೂ ಹೊಸ ಯಂತ್ರ ತಂದು ನಿಮ್ಮ ಮುಂದಿಟ್ಟು ದುಡ್ಡು ಹಾಕಿರಿ ಅಂದರೆ, ಮೊದಲು ಅದರ ಮೇಲೆ ನಿಮ್ಮ ಕೈಯನ್ನೇ ಇಟ್ಟು ನೋಡಿ. ತಂದವನ ಕೈಗೆ ಎಲ್ಲ ಯಂತ್ರಗಳೂ ಚೆನ್ನಾಗಿಯೇ ನಡೆಯುತ್ತವೆ. ಇದು ನನಗೆ ತಿಳಿಯಲು ಒಂದು ನಿಮಿಷ ಸಾಕಾಯಿತು. ತಿಳಿದದ್ದನ್ನು ಹೇಳಲು ನಾಲ್ಕು ತಿಂಗಳು ಬೇಕಾಯಿತು.

ಎಂಬತ್ತರ ದಶಕದ ಶುರುವಿನ ಮಾತು. ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ನನ್ನದು ಗೋಣಿಚೀಲದ ಅಂಗಡಿ, ಅದರ ಮೇಲೆಯೇ ಮನೆ. ಹೆಂಡತಿ ತೀರಿಕೊಂಡು ಒಂದು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ವಾರದ ಆರು ದಿನ ಗಿರಾಕಿಗಳ ಜೊತೆ ಚೌಕಾಸಿ ಮಾಡಿ ಗಂಟಲು ಒಣಗುತ್ತಿತ್ತು. ಭಾನುವಾರ ಓಣಿಯ ಬಾಗಿಲುಗಳೆಲ್ಲ ಮುಚ್ಚಿದರೆ, ಹಾಲಿನವಳಿಗೆ “ಅರ್ಧ ಸೇರು ಸಾಕು” ಅಂದದ್ದೇ ಆ ದಿನದ ಮಾತು.

ಅಂಥ ಒಂದು ಭಾನುವಾರ, ಸಂಕ್ರಾಂತಿಯಾದ ಮೇಲೆ, ಕುರುಗೋಡಿನ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರೊಬ್ಬರು ಒಂದು ಕಟ್ಟಿಗೆಯ ಪೆಟ್ಟಿಗೆ ಹೊತ್ತುಕೊಂಡು ನನ್ನ ಮೆಟ್ಟಿಲು ಹತ್ತಿ ಬಂದರು. ಶಾಲೆಗೆ ಸಂಬಳವಿಲ್ಲದ ರಜೆ ಹಾಕಿ, ನಮ್ಮೂರ ಗಾಂಧಿನಗರದಲ್ಲಿ ಎರಡು ಕೋಣೆ ಬಾಡಿಗೆ ಹಿಡಿದು, ಇಬ್ಬರು ಕೆಲಸಗಾರರನ್ನು ಇಟ್ಟುಕೊಂಡು ಕಂಪನಿ ಶುರುಮಾಡಿದ್ದರು. ಪೆಟ್ಟಿಗೆಯೊಳಗೆ ಒಂದು ಬಲ್ಬು, ಎರಡು ಕನ್ನಡಿ, ಒಂದು ಭೂತಗನ್ನಡಿ. ಮೇಲಿನ ಗಾಜಿಗೆ ಹೆಬ್ಬೆರಳು ಒತ್ತಿದರೆ, ಕಾರ್ಡಿನ ಮೇಲಿದ್ದ ಹಳೆಯ ಗುರುತೂ ಈಗಿನ ಬೆರಳೂ ಪಕ್ಕಪಕ್ಕದಲ್ಲಿ ದೊಡ್ಡದಾಗಿ ಕಾಣಬೇಕು. ಒಬ್ಬರ ಕೂಲಿಯನ್ನು ಇನ್ನೊಬ್ಬರು ಎತ್ತುವ ಹಾಗಿಲ್ಲ. ರೈಸ್ ಮಿಲ್ಲುಗಳಿಗೆ ಮಾರುವುದು ಅವರ ಯೋಚನೆ. ದುಡ್ಡು ಹಾಕುವ ಪಾಲುದಾರನಾಗಿ ನಾನು ಬೇಕಾಗಿತ್ತು.

ಮೇಷ್ಟ್ರು ತಮ್ಮ ಬೆರಳಿಟ್ಟರು. ಆಗ ತಾನೇ ಉತ್ತ ಹೊಲದ ಸಾಲುಗಳ ಹಾಗೆ ಗೆರೆಗಳು ಕಂಡವು. ಆಮೇಲೆ ನಾನಿಟ್ಟೆ. ತುಪ್ಪ ಸವರಿದ ತಟ್ಟೆಯ ಹಾಗೆ ಬರೀ ನುಣುಪು.

“ಬಲ್ಬು ಮಂಕಾಗೈತಿ ಸಾಹುಕಾರ್ರೆ, ಬದಲಿ ಮಾಡ್ತೀನಿ,” ಅಂದರು.

ಬಲ್ಬಿನ ತಪ್ಪಲ್ಲ ಅಂತ ನನಗೆ ಅಲ್ಲೇ ಗೊತ್ತಾಯಿತು. ಸಾಹುಕಾರ ಅನ್ನಿಸಿಕೊಳ್ಳುವ ಮೊದಲು ಹದಿನೈದು ವರ್ಷ ಸಿರುಗುಪ್ಪದ ಮಿಲ್ಲುಗಳಲ್ಲಿ ಚೀಲ ಹೊತ್ತವನು ನಾನು. ಗೋಣಿ ನನ್ನ ಬೆರಳಿನ ಗೆರೆಗಳನ್ನೆಲ್ಲ ಉಜ್ಜಿ ಅಳಿಸಿತ್ತು. ಮಿಲ್ಲಿನಲ್ಲಿ ಹೆಬ್ಬೆಟ್ಟು ಒತ್ತುವವರೆಲ್ಲ ನನ್ನಂಥವರೇ. ಈ ಕಂಪನಿಗೆ ಗಿರಾಕಿ ಇಲ್ಲ. ಎರಡು ಮಾತಿನಲ್ಲಿ ಹೇಳಿ ಚಹಾ ಕುಡಿಸಿ ಕಳಿಸಬಹುದಿತ್ತು.

“ಮುಂದಿನ ಭಾನುವಾರ ಬರ್ರಿ ಮೇಷ್ಟ್ರೆ, ನೋಡೋಣು,” ಅಂದೆ.

ಬಂದರು. ಕರೆಂಟು ಹೋದರೆ ಏನು ಮಾಡುತ್ತೀರಿ ಅಂತ ಕೇಳಿದೆ. ಮರುವಾರ ಬ್ಯಾಟರಿ ಜೋಡಿಸಿ ತಂದರು. ಗಾಜು ಒಡೆದರೆ? ಬೆಂಗಳೂರಿನಿಂದ ದರ ತರಿಸಿದರು. ಬಳ್ಳಾರಿಯ ಏಪ್ರಿಲ್‌ನಲ್ಲಿ ಬೆವರಿದ ಕೈ ಇಟ್ಟರೆ? ಅದಕ್ಕೂ ಒಂದು ಒರೆಸುವ ಬಟ್ಟೆ ಬಂತು. ನನ್ನ ಪ್ರಶ್ನೆಗಳಲ್ಲಿ ಒಂದೂ ಸುಳ್ಳಲ್ಲ, ಯಾವ ವ್ಯಾಪಾರಿಯಾದರೂ ಕೇಳಬೇಕಾದವೇ. ಆದರೆ ಒಂದೊಂದು ಪ್ರಶ್ನೆಗೆ ನನಗೆ ಒಂದೊಂದು ಭಾನುವಾರ ಸಿಗುತ್ತಿತ್ತು. ನಾಲ್ಕು ಗಂಟೆಗೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತರಿಸುತ್ತಿದ್ದೆ. ಪೆಟ್ಟಿಗೆಯ ಮಾತು ಮುಗಿದ ಮೇಲೆ ಅವರು ನಕ್ಷತ್ರ, ಗ್ರಹಣ, ಇರುವೆಯ ಕಣ್ಣು ಅಂತ ಏನೇನೋ ಹೇಳುತ್ತಿದ್ದರು. ನನಗೆ ಅರ್ಧ ತಿಳಿಯುತ್ತಿರಲಿಲ್ಲ. ಮೆಟ್ಟಿಲ ಮೇಲೆ ಅವರ ಚಪ್ಪಲಿ ಸದ್ದು ಕೇಳಲೆಂದು ಶನಿವಾರದಿಂದಲೇ ಕಾಯುತ್ತಿದ್ದೆ.

ಮೇ ಕೊನೆಗೆ ಬಂದಾಗ ಅವರ ಜೇಬಿನಲ್ಲಿ ಒಂದು ಕಾಗದವಿತ್ತು.

“ರಾಜೀನಾಮಿ ಬರದೀನ್ರಿ. ಸಾಲಿ ಸುರುವಾಗೋದ್ರಾಗ ಕೊಟ್ಬಿಡ್ತೀನಿ. ಇಷ್ಟೆಲ್ಲ ಕೇಳೋರು ದುಡ್ಡು ಹಾಕಲ್ಲ ಅನ್ನಂಗಿಲ್ಲ ಅಂತ ನಮ್ಮನಿಯಾಕಿನೂ ಅಂದ್ಲು.”

ಕೈಯಲ್ಲಿದ್ದ ಬಜ್ಜಿಯನ್ನು ತಟ್ಟೆಗೆ ಇಟ್ಟೆ. ಆಗಲೂ ಬಾಯಿಬಿಟ್ಟು ಹೇಳಲಾಗದೆ, “ಕಾಗದ ಕೊಡಬ್ಯಾಡ್ರಿ. ಶನಿವಾರ ಸಿರುಗುಪ್ಪದ ಮಿಲ್ಲಿನಾಗ ಕೂಲಿ ಬಟವಾಡಿ ಐತಿ, ಪೆಟ್ಟಿಗಿ ಒಯ್ದು ನೋಡಿಬಿಡೋಣು,” ಅಂದೆ. ನಾನು ಹೇಳಬೇಕಾದದ್ದನ್ನು ಪೆಟ್ಟಿಗೆಯೇ ಹೇಳಲಿ ಅನ್ನುವ ಹೇಡಿತನ.

ನನಗೆ ಗೊತ್ತಿದ್ದ ಮಿಲ್ಲು. ಬೆಳಿಗ್ಗೆ ಕೆಲಸಕ್ಕೆ ಇಳಿಯುವ ಗಡಿಬಿಡಿಯಲ್ಲಿ ಆಳುಗಳ ಹೆಬ್ಬೆರಳಿಗೆ ಮಸಿ ಹಚ್ಚಿ ಕಾರ್ಡಿನ ಮೇಲೆ ಒತ್ತಿಸಿದೆವು. ಮಧ್ಯಾಹ್ನ ಕೂಲಿ ಕೊಡುವಾಗ ಅದೇ ಬೆರಳು ಗಾಜಿನ ಮೇಲೆ. ಸಾಲಿನಲ್ಲಿ ಮೊದಲಿದ್ದವಳು ಅಕ್ಕಿ ಕೇರುವ ಹೆಂಗಸು. ಮೇಷ್ಟ್ರು ಬಗ್ಗಿ ನೋಡಿದರು, ಗಾಜು ಒರೆಸಿದರು, ಮತ್ತೆ ನೋಡಿದರು.

“ಗೆರಿ ಕಾಣವಲ್ದಮ್ಮ.”

“ಎಲ್ಲಿಂದ ತರ್ಲಿ? ನಾಟಿ ಹಚ್ಚಿ ಅರ್ಧ ಹೋದ್ವು, ಉಳಿದದ್ದು ಈ ಕೇರೋ ಮರ ತಿಂತು. ಮುಂಜಾನಿ ಬಂದಾಕಿ ನಾನಲ್ಲೇನ್ರಿ ಹಂಗಾರ?”

“ದೂರ ಸರೀರಿಲೇ, ಅಕ್ಕ ದೆವ್ವ ಆಗ್ಯಾಳ,” ಅಂದ ಹಿಂದಿದ್ದ ಹಮಾಲಿ.

“ದೆವ್ವಕ್ಕ ಡಬಲ್ ಕೂಲಿ ಕೊಡ್ರಿ ಮತ್ತ,” ಅಂದಳು ಆಕೆ.

ಸಾಲು ನಕ್ಕಿತು. ಆ ಹಮಾಲಿಯ ಬೆರಳೂ ಕಾಣಲಿಲ್ಲ. ಹತ್ತು ಜನರಲ್ಲಿ ಸರಿಯಾಗಿ ಕಂಡದ್ದು ಒಂದೇ ಬೆರಳು, ಅದು ಕುತೂಹಲಕ್ಕೆ ಇಟ್ಟ ಗುಮಾಸ್ತನದು. ಅವನಿಗೆ ಸಹಿ ಬರುತ್ತಿತ್ತು.

ವಾಪಸ್ ಬರುವ ಬಸ್ಸಿನಲ್ಲಿ ಮೇಷ್ಟ್ರು, “ಬಲ್ಬು ಇನ್ನೊಂಚೂರು ದೊಡ್ಡದು ಹಾಕಿದ್ರ...” ಅಂದರು.

“ಬಲ್ಬಿನ ತಪ್ಪಲ್ರಿ. ಗೆರಿ ಇದ್ದೋರಿಗೆ ಸಹಿ ಬರ್ತೈತಿ, ಅವ್ರಿಗೆ ನಿಮ್ಮ ಪೆಟ್ಟಿಗಿ ಬ್ಯಾಡ. ಬೇಕಾದೋರ ಕೈಯಾಗ ಗೆರಿ ಇಲ್ಲ.” ನನ್ನ ಹೆಬ್ಬೆರಳು ಚಾಚಿದೆ. “ಇದನ್ನೂ ನೋಡ್ರಿ.”

ಅವರು ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿದರು. ಹೆಂಡತಿ ಹೋದ ಮೇಲೆ ಆ ಕೈಯನ್ನು ಯಾರೂ ಹಿಡಿದಿರಲಿಲ್ಲ.

“ಇದು ಮೊದಲ್ನೇ ದಿನಾನೂ ಹಿಂಗ ಇತ್ತಲ್ರಿ?”

“ಇತ್ತು.”

“ಗೊತ್ತಿತ್ತೇನ್ರಿ ನಿಮಗ?”

“ಗೊತ್ತಿತ್ತು.”

“ಮತ್ತ ಯಾಕ ಹೇಳ್ಲಿಲ್ಲ?”

ಯಾವ ದರಕ್ಕೂ ಮರುದರ ಹೇಳಬಲ್ಲ ನನಗೆ ಅಲ್ಲಿ ಒಂದೇ ಉತ್ತರ ಸಿಕ್ಕಿತು. “ನೀವು ಭಾನುವಾರ ಬರ್ತಿದ್ರಲ್ಲ,” ಅಂದೆ.

ಮೇಷ್ಟ್ರು ನನ್ನ ಕೈ ಬಿಟ್ಟರು. ನಮ್ಮಿಬ್ಬರ ನಡುವೆ ಇದ್ದ ಪೆಟ್ಟಿಗೆಯನ್ನು ಎತ್ತಿ ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು. ಬಳ್ಳಾರಿ ಬಂದಾಗ ‘ಬರ್ತೀನಿ’ ಅನ್ನದೆ ಇಳಿದುಹೋದರು.

ರಾಜೀನಾಮೆ ಕೊಡಲಿಲ್ಲ, ಅಷ್ಟು ಉಳಿಯಿತು. ಗಾಂಧಿನಗರದ ಬೋರ್ಡು ಇಳಿಯಿತು. ಆ ವರ್ಷ ದೀಪಾವಳಿಗೆ ಮುಂಚೆ ಹಳೆ ಚೀಲ ಕೊಳ್ಳುವ ನೆಪ ಮಾಡಿ ಕುರುಗೋಡಿಗೆ ಹೋದೆ. ಶಾಲೆಯ ಗೇಟಿನಲ್ಲಿ ಸಿಕ್ಕರು. “ಆರಾಮ ಅದೀರಿ?” ಅಂದರು. “ಅದೀನ್ರಿ,” ಅಂದೆ. ಅವರಿಗೆ ಕ್ಲಾಸಿತ್ತು.

ಇಲ್ಲ ಅನ್ನುವುದಿದ್ದರೆ ಗೊತ್ತಾದ ದಿನವೇ ಅನ್ನಿರಿ. ನಿಮಗೆ ಸಮಯ ಇರಬಹುದು, ಎದುರಿನವನು ರಜೆ ಹಾಕಿ ಬಂದಿರುತ್ತಾನೆ. ಆ ಕಂಪನಿಯಲ್ಲಿ ಒಂದು ರೂಪಾಯಿಯನ್ನೂ ಕಳೆದುಕೊಳ್ಳದ ಜಾಣ ಅಂತ ಬ್ರೂಸ್‌ಪೇಟೆಯವರು ನನ್ನನ್ನು ಇವತ್ತಿಗೂ ಹೊಗಳುತ್ತಾರೆ. ಆಮೇಲೆ ನಾನು ಭಾನುವಾರವೂ ಅಂಗಡಿ ತೆಗೆಯಲು ಶುರುಮಾಡಿದೆ. ಓಣಿಯಲ್ಲಿ ಆವತ್ತು ಬೇರೆ ಯಾರೂ ತೆಗೆಯುವುದಿಲ್ಲ, ಗಿರಾಕಿಯೂ ಬರುವುದಿಲ್ಲ. ನಾಲ್ಕು ಗಂಟೆಯವರೆಗೆ ಕೂತು ಬಾಗಿಲು ಹಾಕುತ್ತೇನೆ.