ಕೊಪ್ಪರಿಗೆ ಕಾಕಾ ಕೆಡಿಸಿದರೆಂಬ ಬೆಲ್ಲ

ಮೊನ್ನೆ ಸೋಮವಾರ ಬೆಳಿಗ್ಗೆ ನನ್ನ ಚಹಾ ಒಡೆಯಿತು. ಹಾಲು ತಾಜಾ ಇತ್ತು, ಪಾತ್ರೆ ತೊಳೆದದ್ದಾಗಿತ್ತು. ತಪ್ಪೇನಿದ್ದರೂ ಬೆಲ್ಲದ್ದೇ. ಹಿಂದಿನ ದಿನ ಕೊಪ್ಪಳದ ಪೇಟೆಯಲ್ಲಿ ಅಂಗಡಿಯವನು ಭಾರೀ ಹೊಗಳಿ ಕೊಟ್ಟಿದ್ದ ಅಚ್ಚು ಅದು, ಅರಿಶಿನ ಹಚ್ಚಿದ ಮದುಮಗಳ ಕೆನ್ನೆಯ ಬಣ್ಣದ್ದು. ಕುದಿಯುವ ಚಹಾಕ್ಕೆ ಹಾಕಿದ್ದೇ ತಡ, ಹಾಲೆಲ್ಲ ಚೂರುಚೂರಾಗಿ ಮೇಲೆ ತೇಲಿತು. ಬಾಯಲ್ಲಿ ಬೆಲ್ಲ, ಎದೆಯಲ್ಲಿ ಕತ್ತರಿ ಎನ್ನುವ ಗಾದೆ ಮನುಷ್ಯರಿಗೆ ಮಾತ್ರ ಎಂದುಕೊಂಡಿದ್ದೆ. ಬೆಲ್ಲಕ್ಕೂ ಸಲ್ಲುತ್ತದೆ ಎಂದು ಅವತ್ತು ತಿಳಿಯಿತು.

ಚೆಲ್ಲುವ ಮೊದಲು ಉಳಿದ ಅಚ್ಚನ್ನು ಮೂಸಿ ನೋಡಿದೆ. ಏನೋ ಪುಡಿಯ ಘಾಟು. ಒಳ್ಳೆಯ ಬೆಲ್ಲದ ವಾಸನೆ ಹೇಗಿರುತ್ತದೆ ಎಂಬುದು ನನ್ನ ಮೂಗಿಗೆ ಇನ್ನೂ ನೆನಪಿದೆ. ಅರವತ್ತು ದಾಟಿದ ಮೇಲೆ ಕಣ್ಣು ಮಂದವಾಗಿದೆ, ಮೊಣಕಾಲು ಮಾತು ಕೇಳುವುದಿಲ್ಲ, ಮೂಗು ಮಾತ್ರ ಮೋಸ ಮಾಡಿಲ್ಲ. ಅದನ್ನು ತಿದ್ದಿದವರು ಹಾಗಿದ್ದರು... ನನ್ನ ಗಂಡನ ಊರಿನವರು. ಊರಿಗೆ ಊರೇ ಅವರನ್ನು ಕೊಪ್ಪರಿಗೆ ಕಾಕಾ ಎಂದು ಕರೆಯುತ್ತಿತ್ತು.

ನಾನು ಕುಷ್ಟಗಿ ಸೀಮೆಯವಳು. ಜೋಳ, ಶೇಂಗಾ ಬೆಳೆಯುವ ಮಂದಿ ನಾವು. ಕಬ್ಬು ಕಂಡಿದ್ದು ಸಂಕ್ರಾಂತಿಯಲ್ಲಿ, ಅದೂ ಒಂದು ಗಣಿಕೆಯನ್ನು ಐದು ಜನ ಹಂಚಿಕೊಂಡು. ಮದುವೆಯಾಗಿ ಬಂದದ್ದು ಗಂಗಾವತಿ ಕಡೆಯ ಕಾಲುವೆ ಊರಿಗೆ. ಅಲ್ಲಿ ಕಣ್ಣು ಹಾಯಿಸಿದಲ್ಲೆಲ್ಲ ಭತ್ತ, ಆದರೂ ನಮ್ಮ ಮಾವನವರು ಹಟ ಹಿಡಿದು ಎರಡು ಎಕರೆ ಕಬ್ಬು ಹಚ್ಚುತ್ತಿದ್ದರು. ಬೆಲ್ಲ ಕೊಂಡು ತಿನ್ನುವುದು ಅವರಿಗೆ ಅವಮಾನ. ಚಳಿಗಾಲ ಬಂತೆಂದರೆ ಹೊಲದ ಅಂಚಿನಲ್ಲಿ ಗಾಣ ಹೂಡುತ್ತಿದ್ದರು. ಎಂಜಿನ್ನಿನ ಸದ್ದು, ಒಂದು ಕಡೆ ಹಾಲು, ಇನ್ನೊಂದು ಕಡೆ ಸಿಪ್ಪೆ, ಉದ್ದನೆಯ ಒಲೆ, ಅದರ ಮೇಲೆ ನಾಲ್ಕು ಜನ ಸೇರಿ ಎತ್ತಬೇಕಾದ ಕೊಪ್ಪರಿಗೆ. ಕಬ್ಬಿನ ರಸಕ್ಕೆ ಅಲ್ಲಿಯವರು ಹಾಲು ಎನ್ನುತ್ತಿದ್ದರು.

ಆ ಕೊಪ್ಪರಿಗೆಯ ಮುಂದೆ ಕೂರುತ್ತಿದ್ದವರು ಕಾಕಾ. ಅವರಿಗೆ ಹೊಲವಿಲ್ಲ, ಕಬ್ಬಿಲ್ಲ, ಗಾಣವೂ ಇಲ್ಲ. ಇದ್ದದ್ದು ಒಂದೇ, ಪಾಕ ನೋಡುವ ಕಣ್ಣು. ಹಾಲು ಯಾವ ಗಳಿಗೆಯಲ್ಲಿ ಬೆಲ್ಲವಾಯಿತು ಎಂದು ಹೇಳುವುದಷ್ಟೇ ಅವರ ಕೆಲಸ. ಒಂದು ಗಳಿಗೆ ಮುಂಚೆ ಇಳಿಸಿದರೆ ಬೆಲ್ಲ ಗಟ್ಟಿಯಾಗದು, ಒಂದು ಗಳಿಗೆ ತಡವಾದರೆ ಸೀದು ಹೋಗುತ್ತದೆ. ಸುತ್ತಲಿನ ನಾಲ್ಕೈದು ಊರಿನ ಗೌಡರು ಅವರು ಯಾವತ್ತು ಬರುತ್ತಾರೆಂದು ಕೇಳಿಕೊಂಡೇ ಕಬ್ಬಿಗೆ ಕುಡುಗೋಲು ಹಾಕುತ್ತಿದ್ದರು. ಅವರ ಕೈಯಲ್ಲಿ ಒಂದು ಕೊಪ್ಪರಿಗೆಯೂ ಕೆಟ್ಟಿಲ್ಲ ಎಂಬುದು ಆ ಕಡೆ ಎಲ್ಲರಿಗೂ ಗೊತ್ತಿದ್ದ ಮಾತು. ಗೊತ್ತಿಲ್ಲದವರು ಸಿಕ್ಕರೆ ಕಾಕಾ ತಾವೇ ಹೇಳುತ್ತಿದ್ದರು, ಅದಕ್ಕೇನೂ ಸಂಕೋಚವಿರಲಿಲ್ಲ.

ಒಮ್ಮೆ ಪೇಟೆಯ ವ್ಯಾಪಾರಿಯೊಬ್ಬರು ಬಿಳಿ ಪುಡಿಯ ಪೊಟ್ಟಣ ತಂದು, ಒಂದು ಹಿಡಿ ಹಾಕಿದರೆ ಬೆಲ್ಲ ಹಳದಿಯಾಗುತ್ತದೆ, ಕಂದು ಬೆಲ್ಲವನ್ನು ಈಗ ಯಾರೂ ಮೂಸುವುದಿಲ್ಲ ಎಂದರಂತೆ. ಕಾಕಾ ಪೊಟ್ಟಣವನ್ನು ಅವರ ಚೀಲಕ್ಕೇ ತಿರುಗಿ ಇಟ್ಟು, "ಬಣ್ಣ ಕಣ್ಣಿಗ್ರಿ ಸಾವಕಾರ್ರ, ಬೆಲ್ಲ ಹೊಟ್ಟಿಗಿ" ಅಂದರಂತೆ. ಬೆಂಡೆ ಗಿಡದ ಕಾಂಡ ಜಜ್ಜಿ ಅದರ ಲೋಳೆ ಬಿಟ್ಟು ಕಸ ತೆಗೆಯುವುದು, ಚಿಟಿಕೆ ಸುಣ್ಣ ಹಾಕುವುದು, ಇಷ್ಟು ಬಿಟ್ಟರೆ ಅವರ ಕೊಪ್ಪರಿಗೆಗೆ ಬೇರೇನೂ ಬೀಳುತ್ತಿರಲಿಲ್ಲ.

ನಾನು ಮನೆ ತುಂಬಿ ಎಂಟನೆಯ ದಿನ. ಆ ವರ್ಷದ ಮೊದಲ ಕೊಪ್ಪರಿಗೆ ಅವತ್ತು ಒಲೆ ಏರಿತ್ತು. ಅದಕ್ಕೊಂದು ಪದ್ಧತಿ ಇತ್ತು. ಮೊದಲ ಕೊಪ್ಪರಿಗೆಯ ಬೆಲ್ಲ ಮಾರಾಟಕ್ಕಿಲ್ಲ. ಆ ವರ್ಷ ಹೆರಿಗೆಯಾದ ಮನೆಗಳಿಗೆಲ್ಲ ಒಂದೊಂದು ಪೆಂಟೆ, ಅಂದರೆ ದೊಡ್ಡ ಗಟ್ಟಿ, ಹೋಗಬೇಕು. ಬಾಣಂತಿಯರಿಗೆ ಅಂಟಿನುಂಡೆ ಕಟ್ಟಲು ಅದೇ ಬೆಲ್ಲ. ಅವರ ಮನೆಗಳ ಹೆಂಗಸರು ಮಧ್ಯಾಹ್ನದಿಂದಲೇ ಬುಟ್ಟಿ ಹಿಡಿದು ಗಾಣದ ಹತ್ತಿರ ಬಂದು ಕೂತಿದ್ದರು. ಅತ್ತೆಯವರು ನನ್ನ ತಲೆಯ ಮೇಲೆ ಬುತ್ತಿ ಹೊರಿಸಿ ಕಳಿಸಿದರು. ಹೊಸ ಸೊಸೆ ಕೆಲಸಗಾರರಿಗೆಲ್ಲ ಬಡಿಸಿ ಒಳ್ಳೆಯ ಹೆಸರು ತರಲಿ ಎಂದು ಅವರ ಆಸೆ.

ಹೆಸರು ತರುವ ಉಮೇದು ನನಗೂ ಇತ್ತು, ಸ್ವಲ್ಪ ಹೆಚ್ಚೇ ಇತ್ತು. ಹಿತ್ತಲಿನ ಗಿಡದಿಂದ ಇಪ್ಪತ್ತು ನಿಂಬೆಹಣ್ಣು ಕಟ್ಟಿಕೊಂಡು ಹೋಗಿದ್ದೆ. ಒಂದು ಕೊಡ ಹಸಿ ಕಬ್ಬಿನ ಹಾಲಿಗೆ ಅಷ್ಟನ್ನೂ ಹಿಂಡಿ ಎಲ್ಲರಿಗೂ ಕೊಟ್ಟೆ. ಎಲ್ಲರೂ ಹೊಗಳಿ ಕುಡಿದರು. ಅರ್ಧ ಕೊಡ ಉಳಿಯಿತು. ನಮ್ಮ ಕುಷ್ಟಗಿ ಕಡೆ ಮುಖ ತೊಳೆದ ನೀರನ್ನೂ ಗಿಡದ ಬುಡಕ್ಕೇ ಬಿಡಬೇಕು, ಸುಮ್ಮನೆ ಚೆಲ್ಲಿದರೆ ಬೆನ್ನಿಗೆ ಗುದ್ದು ಬೀಳುತ್ತಿತ್ತು. ಅಂಥ ಮನೆಯಲ್ಲಿ ಬೆಳೆದವಳು ಅರ್ಧ ಕೊಡ ಕಬ್ಬಿನ ಹಾಲು ಚೆಲ್ಲುವುದುಂಟೇ? ಕಾಕಾ ಬೆಂಡೆ ಕಾಂಡ ತರಲು ಬದುವಿನ ಕಡೆ ಹೋಗಿದ್ದರು, ಉಳಿದವರು ಊಟಕ್ಕೆ ಕೂತಿದ್ದರು. ಕೊಪ್ಪರಿಗೆಯಲ್ಲಿ ಹಾಲು ಆಗಷ್ಟೇ ಕುದಿ ಹಿಡಿದಿತ್ತು. ನಾನು ಕೊಡ ಎತ್ತಿ ಅದರೊಳಗೆ ಸುರಿದೆ, ಜಾಣೆ ಎಂದು ನನ್ನನ್ನು ನಾನೇ ಮೆಚ್ಚಿಕೊಂಡೆ.

ಹುಳಿ ಸೋಂಕಿದರೆ ಬೆಲ್ಲ ಕಟ್ಟುವುದಿಲ್ಲ. ಆ ಊರಿನ ಕೂಸಿಗೂ ಅದು ಗೊತ್ತಿತ್ತು. ಮಜ್ಜಿಗೆ, ಹುಣಸೆಹಣ್ಣನ್ನು ಒಲೆಯ ಹತ್ತಿರಕ್ಕೂ ತರುತ್ತಿರಲಿಲ್ಲ. ಎಲ್ಲರಿಗೂ ಗೊತ್ತಿದ್ದ ಮಾತನ್ನು ಯಾರೂ ಯಾರಿಗೂ ಹೇಳುವುದಿಲ್ಲ, ಹಾಗಾಗಿ ನನಗೂ ಯಾರೂ ಹೇಳಿರಲಿಲ್ಲ.

ಇಳಿಹೊತ್ತಿಗೆ ಕಾಕಾ ಪಾಕ ನೋಡತೊಡಗಿದರು. ಸೌಟಿನ ತುದಿಯಿಂದ ಒಂದು ಹನಿಯನ್ನು ತಣ್ಣೀರಿನ ತಟ್ಟೆಗೆ ಬಿಟ್ಟು ಬೆರಳಲ್ಲಿ ಉಂಡೆ ಮಾಡಬೇಕು. ಉಂಡೆ ಆಗಲಿಲ್ಲ. ಇನ್ನೂ ಕುದಿಸಿದರು. ಮತ್ತೆ ಬಿಟ್ಟರು, ಆಗಲಿಲ್ಲ. ಸೀಯುವ ವಾಸನೆ ಬರುವ ಹೊತ್ತಿಗೆ ಬೇರೆ ದಾರಿಯಿಲ್ಲದೆ ಕೊಪ್ಪರಿಗೆ ಇಳಿಸಿ, ಅಗಲವಾದ ಕಟ್ಟಿಗೆ ದೋಣಿಗೆ ಸುರಿದು ತಿರುವಿದರು. ಇಬ್ಬರು ಗಟ್ಟಿಗರ ರಟ್ಟೆ ಸೋತವು. ಬೆಲ್ಲ ಮಾತ್ರ ಜೇನಿನಂತೆ ಹರಿದಾಡುತ್ತಲೇ ಇತ್ತು.

ಬುಟ್ಟಿ ಹಿಡಿದ ಹೆಂಗಸರು ಎದ್ದು ಬಂದು ದೋಣಿಯ ಸುತ್ತ ನಿಂತರು. ಮಾವನವರ ಮುಖ ಕಪ್ಪಿಟ್ಟಿತು. ಕಾಕಾ ಬೆರಳಲ್ಲಿ ಅದ್ದಿ ನಾಲಿಗೆಗೆ ಹಚ್ಚಿಕೊಂಡು ಕಣ್ಣು ಮುಚ್ಚಿದರು. ತೆರೆದಾಗ ನೇರ ನೋಡಿದ್ದು ನನ್ನ ಕೊಡದ ಕಡೆಗೆ, ಅದರ ಪಕ್ಕ ಬಿದ್ದಿದ್ದ ನಿಂಬೆ ಸಿಪ್ಪೆಗಳ ಕಡೆಗೆ, ಆಮೇಲೆ ನನ್ನ ಕಡೆಗೆ. ಏನಾಗಿದೆ ಎಂದು ನನಗೆ ಆಗ ಹೊಳೆಯಿತು. 

ಅಷ್ಟರಲ್ಲಿ ಗುಂಪಿನಲ್ಲಿದ್ದ ಮುದುಕಿಯೊಬ್ಬಳು ಶುರು ಮಾಡಿದಳು. ಇಷ್ಟು ವರ್ಷ ಕೆಡದ್ದು ಈ ವರ್ಷವೇ ಕೆಟ್ಟಿತಲ್ಲ, ಮನೆಗೆ ಹೊಸದಾಗಿ ಬಂದದ್ದು ಏನು ನೋಡಿಕೊಳ್ಳಿ ಅಂದಳು. ಕಾಲ್ಗುಣ ಎಂಬ ಮಾತು ಒಬ್ಬರ ಬಾಯಿಂದ ಒಬ್ಬರ ಬಾಯಿಗೆ ಹೋಯಿತು. ಬಾಣಂತಿಯರ ಬೆಲ್ಲ ಬೇರೆ. ಆ ಮಾತು ಒಮ್ಮೆ ಅಂಟಿಕೊಂಡರೆ ಆಮೇಲೆ ಎಮ್ಮೆ ಸತ್ತರೂ ನನ್ನ ಕಾಲ್ಗುಣ, ಕೂಸಿಗೆ ಜ್ವರ ಬಂದರೂ ನನ್ನ ಕಾಲ್ಗುಣ. ತವರಿಗೆ ತಿರುಗಿ ಕಳಿಸಿದ ಸೊಸೆಯಂದಿರನ್ನು ನಾನು ಕಂಡಿದ್ದೆ.

ಕಾಕಾ ಎದ್ದರು. ಕಬ್ಬಿನ ಸಿಪ್ಪೆ ಗುಡಿಸುವ ನೆಪದಲ್ಲಿ ನಿಂಬೆ ಹೋಳುಗಳನ್ನೆಲ್ಲ ಕಾಲಿನಿಂದಲೇ ಒಲೆಗೆ ನೂಕಿದರು. ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡು ಮಾವನವರ ಮುಂದೆ ನಿಂತರು.

"ತಪ್ಪು ನಂದ್ರಿ ಗೌಡ್ರ. ಪಾಕ ಹಿಡಿಯೂದ್ರಾಗ ನಾನ ತಪ್ಪೀನಿ. ಯಾರಿಗೂ ಏನೂ ಅನಬ್ಯಾಡ್ರಿ."

 ಕೆಟ್ಟ ಪಾಕವನ್ನು ಡಬ್ಬಿಗಳಿಗೆ ತುಂಬಿಸಿ, ರೊಟ್ಟಿಗೆ ಹಚ್ಚಿಕೊಂಡು ತಿನ್ನಲು ಚೆನ್ನಾಗಿರುತ್ತದೆ ಎಂದು ಅವರೇ ಕೆಲಸದವರಿಗೆ ಹಂಚಿದರು. ಮರುದಿನ ಬೆಳಿಗ್ಗೆ ಬೇರೆ ಕೊಪ್ಪರಿಗೆ ಏರಿಸಿ ಬಾಣಂತಿಯರ ಬೆಲ್ಲ ಇಳಿಸಿಕೊಟ್ಟರು. ಬೆಲ್ಲ ಕಲ್ಲಿನಂತೆ ಕಟ್ಟಿತು. ಆದರೆ ಮಾತು ಊರು ದಾಟಿ ಹೋಗಿಯಾಗಿತ್ತು. ಕೊಪ್ಪರಿಗೆ ಕಾಕಾನ ಕೈ ತಪ್ಪಿತಂತೆ ಎಂದು ಚಹಾದಂಗಡಿಯಲ್ಲಿ ನಗೆಯಾಡಿದರು. ಪಕ್ಕದ ಊರಿನ ಗೌಡರೊಬ್ಬರು ಆ ವರ್ಷ ಬೇರೆಯವರನ್ನು ಕರೆಸಿಕೊಂಡರು.

ಎರಡು ದಿನ ನನಗೆ ಅನ್ನ ಸೇರಲಿಲ್ಲ. ಮೂರನೆಯ ದಿನ ಬುತ್ತಿ ಒಯ್ದಾಗ ಕಾಕಾ ಒಬ್ಬರೇ ಸಿಕ್ಕರು. ಅತ್ತುಬಿಟ್ಟೆ. ನಾನೇ ಸುರಿದೆ, ಮಾವನವರಿಗೆ ಇವತ್ತೇ ಹೇಳುತ್ತೇನೆ ಅಂದೆ. ಅವರು ರೊಟ್ಟಿ ಮುರಿಯುತ್ತಿದ್ದ ಕೈ ನಿಲ್ಲಿಸಲಿಲ್ಲ.

"ಯವ್ವಾ, ನನ್ನ ಹೆಸರು ನಲವತ್ತು ವರ್ಷದ್ದು. ಒಂದು ಪೆಟ್ಟು ತಡಕೋತೈತಿ. ನಿನ್ನ ಹೆಸರು ಎಂಟು ದಿನದ್ದು. ತಡಕೊಳ್ಳೂದಿಲ್ಲ."

ರೊಟ್ಟಿ ಮುಗಿಸಿ, ನಾಳೆಯಿಂದ ಬುತ್ತಿ ಕೊಟ್ಟು ಓಡಿಹೋಗಬೇಡ, ನಿಂತು ನೋಡು ಎಂದರು.

ನಿಂತು ನೋಡಿದೆ. ಮೊದಲ ಉಕ್ಕಿನ ಬೂದು ನೊರೆ, ಆಮೇಲಿನ ಹಳದಿ ನೊರೆ, ಕೊನೆಗೆ ದೊಡ್ಡ ಗುಳ್ಳೆಗಳು ನಿಧಾನವಾಗಿ ಒಡೆಯುವ ಹೊತ್ತು. ಹಸಿ ಹುಲ್ಲಿನ ವಾಸನೆ ಹೋಗಿ ಹುರಿದ ಕಡಲೆಯ ಹಾಗೆ ಒಂದು ಘಮ ಏಳುತ್ತದೆ, ಅದು ಎದ್ದ ಮೇಲೆ ಮಾತಾಡಬಾರದು. ತಣ್ಣೀರಿನ ಉಂಡೆಯನ್ನು ತಟ್ಟೆಗೆ ಎಸೆದರೆ ಟಣ್ ಎನ್ನಬೇಕು. ಹೆಣ್ಣುಮಗಳು ಕೊಪ್ಪರಿಗೆ ಮುಂದೆ ನಿಲ್ಲುವುದೇ ಎಂದು ಗೊಣಗಿದವರಿಗೆ ಕಾಕಾ, ಒಲೆಗೆ ಮೀಸೆ ಬೇಕಿಲ್ಲ ಎಂದು ಬಾಯಿ ಮುಚ್ಚಿಸಿದರು. ನಾಲ್ಕನೆಯ ವರ್ಷ ಅವರಿಗೆ ಜ್ವರ ಬಂದು, ಇಡೀ ಒಂದು ಕೊಪ್ಪರಿಗೆಯ ಪಾಕ ನಾನೇ ನೋಡಿ ಇಳಿಸಿದೆ. ಕಂಬಳಿ ಹೊದ್ದುಕೊಂಡು ಬಂದರು. ಒಂದು ತುಣುಕು ಮುರಿದು ಬಾಯಿಗೆ ಹಾಕಿಕೊಂಡರು. ಇನ್ನೊಂದು ತುಣುಕು ಮುರಿದುಕೊಂಡರು. ಆ ಎರಡನೆಯ ತುಣುಕಿನ ಹೆಮ್ಮೆಯಲ್ಲಿ ನಾನು ಇಷ್ಟು ವರ್ಷ ಬದುಕಿದ್ದೇನೆ ಎಂದರೆ ಸುಳ್ಳಲ್ಲ.

ಆಮೇಲೆ... ಮಾವನವರು ಹೋದರು, ಕಬ್ಬಿನ ಎರಡು ಎಕರೆಯೂ ಭತ್ತಕ್ಕೆ ಹೋಯಿತು. ಕೊಪ್ಪರಿಗೆ ದನಗಳಿಗೆ ನೀರು ಕುಡಿಸುವ ತೊಟ್ಟಿಯಾಯಿತು. ಯಜಮಾನರ ನೌಕರಿಗೆಂದು ನಾವು ಕೊಪ್ಪಳಕ್ಕೆ ಬಂದೆವು. ಕಾಕಾ ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದು ಮಣ್ಣಾದ ಮರುದಿನ. ಅತ್ತೆಯವರು ಹೋದ ಮೇಲಂತೂ ನನಗೆ ಹೆದರಿಕೆ ಎನ್ನುವುದೇ ಉಳಿದಿರಲಿಲ್ಲ, ಆಗಲಾದರೂ ನಿಜ ಹೇಳಬಹುದಿತ್ತು. ಹೇಳಲಿಲ್ಲ. ಇವತ್ತು, ನಾಳೆ ಎಂದು ತಳ್ಳಿದೆ. ನನ್ನ ಹೆಸರು ಎಂಟು ದಿನದಿಂದ ನಲವತ್ತು ವರ್ಷಕ್ಕೆ ಬೆಳೆದರೂ ತಳ್ಳಿದೆ. ಇದಕ್ಕೆ ನಾಚಿಕೆ ಎನ್ನದೆ ಬೇರೆ ಹೆಸರಿಲ್ಲ.

ಚಹಾ ಒಡೆದ ಆ ಸೋಮವಾರ ಸಂಜೆ ಬಸ್ಸು ಹತ್ತಿ ಗಿಣಿಗೇರಾಕ್ಕೆ ಹೋದೆ. ಕಾಕಾನ ಮೊಮ್ಮಗ ಅಲ್ಲಿನ ಒಂದು ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾನೆ, ಹಬ್ಬಹುಣ್ಣಿಮೆಗೆ ನಮ್ಮ ಮನೆಗೆ ಬಂದುಹೋಗುತ್ತಾನೆ. ಪುಡಿ ಹಾಕದ ಬೆಲ್ಲ ಅವರ ಕಡೆ ಎಲ್ಲಾದರೂ ಸಿಗುತ್ತದೆಯೇ ಎಂದು ಕೇಳುವುದಿತ್ತು. ಅವನ ಕೆಲಸ ಕುಲುಮೆಯ ಮುಂದೆ. ಕಾದ ಕಬ್ಬಿಣವನ್ನು ನೀಲಿ ಗಾಜಿನಿಂದ ನೋಡುತ್ತಾನೆ. ಲೆಕ್ಕ ಹೇಳಲು ಯಂತ್ರಗಳಿವೆಯಂತೆ, ಆದರೂ ಸಾಹೇಬರು ಬಂದು ಬಣ್ಣ ಹೇಗಿದೆ ಎಂದು ಇವನನ್ನೊಮ್ಮೆ ಕೇಳಿಯೇ ಹೋಗುತ್ತಾರಂತೆ. ಹೇಳುವಾಗ ಎದೆ ಉಬ್ಬಿತ್ತು. ಅಜ್ಜನ ಎದೆಯೂ ಹಾಗೇ ಉಬ್ಬುತ್ತಿತ್ತು.

ನಿಮ್ಮ ಅಜ್ಜನ ಕಣ್ಣು ನಿನಗೆ ಬಂದಿದೆ ಅಂದೆ. ಅವನು ನಕ್ಕ.

"ಮುತ್ಯಾಂದೂ ಒಂದು ಕೊಪ್ಪರಿಗಿ ಕೆಟ್ಟಿತ್ತಲ್ರಿ ಅಮ್ಮಾರ. ನಾ ಕೆಲಸದಾಗ ತಪ್ಪಿ ಬಂದಾಗೊಮ್ಮೆ ನಮ್ಮವ್ವ ಅದನ್ನ ಹೇಳ್ತಾಳ. ಅಂಥ ಮುತ್ಯಾನ ತಪ್ಯಾನ, ನಿಂದೇನು ಅಂತ."

ಸಮಾಧಾನಕ್ಕೆಂದು ಒಂದು ಮನೆ ಇಷ್ಟು ವರ್ಷ ನನ್ನ ತಪ್ಪನ್ನು ತನ್ನದೆಂದು ಇಟ್ಟುಕೊಂಡಿತ್ತು. ನನಗೆ ಕೂತಲ್ಲಿ ಕೂರಲಾಗಲಿಲ್ಲ. ನಿಂಬೆಹಣ್ಣಿನಿಂದ ಹಿಡಿದು ಒಲೆಗೆ ನೂಕಿದ ಸಿಪ್ಪೆಯವರೆಗೆ, ಎಂಟು ದಿನದ ಹೆಸರಿನವರೆಗೆ, ಎಲ್ಲ ಹೇಳಿಬಿಟ್ಟೆ. ಹುಡುಗ ಬೈಯುತ್ತಾನೆ ಎಂದುಕೊಂಡಿದ್ದೆ, ಬೈದರೆ ಬೈಸಿಕೊಳ್ಳಲು ತಯಾರಿದ್ದೆ. ಅವನು ಬೈಯಲಿಲ್ಲ. ಜೇಬಿನಿಂದ ಫೋನ್ ತೆಗೆದು ಊರಲ್ಲಿದ್ದ ತಾಯಿಗೆ ಹಚ್ಚಿದ.

"ಯವ್ವಾ, ಮುತ್ಯಾಂದು ಒಂದೂ ಕೆಟ್ಟಿದ್ದಿಲ್ಲಂತ" ಅಂದ. 

 ಆ ಕಡೆಯಿಂದ, ಯಾರು ಹೇಳಿದರು ಎಂದು ಕೇಳಿದ್ದು ನನಗೂ ಕೇಳಿಸಿತು. ಅವನು ಫೋನನ್ನು ನನ್ನ ಕೈಗೆ ಕೊಟ್ಟ. ಈ ಮಾತನ್ನು ಕೇಳಬೇಕಾದ ಕಿವಿ ಮಣ್ಣಾಗಿ ಎಷ್ಟೋ ವರ್ಷವಾಗಿದೆ. ಆದರೂ ಕಾಕಾ ತಾವೇ ಕೇಳುತ್ತಿದ್ದಾರೆಂಬಂತೆ ಗಟ್ಟಿಯಾಗಿ ಹೇಳಿದೆ.

"ಕೆಡಿಸಿದಾಕೀನ ಹೇಳಾಕತ್ತೀನವ್ವ."